ಅಮ್ಮನ ಹಾಡಿನ ಪುಸ್ತಕದ ಚುಕ್ಕೆಗಳು

ಇನ್ನೂರು ಪುಟದ ಆ ನೋಟ್‌ಬುಕ್ಕಿನ ಮೂಲ ರಟ್ಟು ಎಂದೋ ಹೋಗಿದೆ. ಅಪ್ಪ ಹಳೇ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹೊದಿಸಿ, ಗೋಣಿ ಹೊಲಿಯುವ ದಬ್ಬಣದಿಂದ ಬೆನ್ನಿಗೆ ಹೊಲಿಗೆ ಹಾಕಿ ಕೊಟ್ಟಿದ್ದರು. ಆ ಹೊಲಿಗೆ ಇನ್ನೂ ಗಟ್ಟಿಯಾಗಿದೆ. ಒಳಗೆ ಅಮ್ಮನ ದುಂಡನೆಯ ಅಕ್ಷರ, ಹೆಚ್ಚಿನ ಕಡೆ ನೀಲಿ ಶಾಯಿ, ಅಲ್ಲಲ್ಲಿ ಪೆನ್ಸಿಲ್ಲು. ಒಂದೆರಡು ಪುಟಗಳಲ್ಲಿ ಅರಿಶಿನದ ಬೆರಳಿನ ಗುರುತು. ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ನಾವಿದ್ದ ಎಪ್ಪತ್ತರ ದಶಕದಲ್ಲಿ ಅಮ್ಮ ರೇಡಿಯೊ ಕೇಳುತ್ತಾ ಬರೆದುಕೊಂಡ ಹಾಡುಗಳು ಅವು.

ಆಗ ಒಂದು ಹಾಡನ್ನು ಪೂರ್ತಿ ಬರೆದುಕೊಳ್ಳುವುದು ಒಂದು ದಿನದ ಕೆಲಸವಲ್ಲ. ರೇಡಿಯೊದವರು ಚಿತ್ರದ ಹೆಸರು, ಹಾಡಿದವರು, ಸಾಹಿತ್ಯ, ಸಂಗೀತ ಎಂದು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರಬೇಕು. ಮೊದಲ ಸಲಕ್ಕೆ ಪಲ್ಲವಿ ಸಿಕ್ಕುತ್ತಿತ್ತು, ಅದು ಮತ್ತೆ ಮತ್ತೆ ಬರುತ್ತದಲ್ಲ. ಮೊದಲ ಚರಣ ಅರ್ಧ ಸಿಕ್ಕುತ್ತಿತ್ತು. ಉಳಿದರ್ಧಕ್ಕೆ ಅದೇ ಹಾಡು ಇನ್ನೊಮ್ಮೆ ಬರುವವರೆಗೆ ಕಾಯಬೇಕು. ಅದು ನಾಳೆ ಬರಬಹುದು, ತಿಂಗಳಾಗಬಹುದು. ಅದಕ್ಕೇ ಅವಳು ಪ್ರತಿ ಹಾಡಿನ ಕೆಳಗೂ ಅರ್ಧ ಪುಟ ಖಾಲಿ ಬಿಡುತ್ತಿದ್ದಳು. ನಡುವೆ ಒಂದು ಪದ ಕಿವಿಗೆ ಬಿದ್ದೂ ತಿಳಿಯದೆ ಹೋದರೆ, ಆ ಜಾಗದಲ್ಲಿ ಚುಕ್ಕೆ ಇಡುತ್ತಿದ್ದಳು. ಸುಮ್ಮನೆ ಸಾಲುಚುಕ್ಕೆಯಲ್ಲ, ಎಷ್ಟು ಅಕ್ಷರ ಕೇಳಿಸಿತೋ ಅಷ್ಟೇ ಚುಕ್ಕೆ. ಮೂರಕ್ಷರದ ಪದವಾದರೆ ಮೂರು, ಐದಾದರೆ ಐದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪದ ತಿಳಿಯದಿದ್ದರೂ ಪದದ ಅಳತೆ ತಿಳಿದಿದೆ ಎಂಬುದು ಅವಳಿಗೆ ಸಹಜವಾಗಿಯೇ ಗೊತ್ತಿತ್ತು.

ಹಾಡಿನ ಸಾಹಿತ್ಯವನ್ನು ಕಾವ್ಯವಾಗಿ ಓದುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಚುಕ್ಕೆಗಳೇ.

ಒಂದು ಹಾಡಿನ ಪಲ್ಲವಿಯಲ್ಲೇ ಅಂಥ ಮೂರು ಚುಕ್ಕೆಗಳಿದ್ದವು. 1967ರ ‘ಬೆಳ್ಳಿಮೋಡ’ ಚಿತ್ರದ್ದು, ಎಸ್. ಜಾನಕಿ ಹಾಡಿದ್ದು. ಅದು ದ.ರಾ. ಬೇಂದ್ರೆಯವರ ‘ಬೆಳಗು’ ಎಂಬ ಕವಿತೆ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಆಗ ಗೊತ್ತಿರಲಿಲ್ಲ. ಮೂಡಣದ ಕಡೆಯಿಂದ ಬೆಳಕು ಬಂದು ಜಗತ್ತನ್ನೆಲ್ಲ ತೋಯಿಸುವ ಹಾಡು ಅನ್ನುವುದು ತಿಳಿಯುತ್ತಿತ್ತು. ಆದರೆ ನಡುವಿನ ಆ ಪದ ಯಾವುದು? ರೇಡಿಯೊದಲ್ಲಿ ಅದು ಎಳೆದು ಕೇಳಿಸುತ್ತಿತ್ತು. ಅಮ್ಮ ನಾಲ್ಕು ಸಲ ಕೇಳಿ, ನಾಲ್ಕನೆಯ ಸಲ ಚುಕ್ಕೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ಎರಕ’ ಎಂದು ಬರೆದು ಪಕ್ಕಕ್ಕೆ ಪ್ರಶ್ನೆಚಿಹ್ನೆ ಹಾಕಿದ್ದಳು. ಆ ರಾತ್ರಿ ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಾಗ ಕೇಳಿದಳು.

“ಏನ್ರೀ, ಎರಕ ಅಂದ್ರೆ ಏನು?”

ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. “ದಿನಾ ನಾನು ಮಾಡೋ ಕೆಲಸಾನೇ ಅದು.”

ಅಪ್ಪ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿದ್ದರು. ಕರಗಿ ನೀರಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ಯುವುದು ಅವರ ವಿಭಾಗದ ಕೆಲಸ. ಆ ರಾತ್ರಿ ಅವರು ನಮಗೆ ಎರಕದ ಬಗ್ಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಹೊಯ್ಯುವ ಮೊದಲು ಅಚ್ಚು ಒಣಗಿರಬೇಕು, ಹಸಿ ಉಳಿದರೆ ಸಿಡಿಯುತ್ತದೆ. ಹೊಯ್ಯಲು ಶುರು ಮಾಡಿದ ಮೇಲೆ ಅಚ್ಚು ತುಂಬುವವರೆಗೆ ನಡುವೆ ನಿಲ್ಲಿಸಬಾರದು. “ಒಂದು ಗಳಿಗೆ ನಿಲ್ಲಿಸಿ ಮತ್ತೆ ಹೊಯ್ದ್ರೆ ಎರಡೂ ಬೆಸೆಯಲ್ಲ ಕಣೇ. ಗೆರೆ ಉಳಿಯುತ್ತೆ. ನಾಳೆ ಭಾರ ಬಿದ್ರೆ ಅಲ್ಲೇ ಒಡೆಯೋದು.” ಆಮೇಲೆ ಅಮ್ಮನ ಕಡೆ ತಿರುಗಿ, “ನಿನ್ನ ಹಾಡಲ್ಲಿ ಯಾರು ಏನನ್ನ ಹೊಯ್ತಾರೆ?” ಅಂದರು. ಅಮ್ಮ ಹಾಡಿ ತೋರಿಸಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಆರರ ಶಿಫ್ಟಿಗೆ ಹೋಗುವ ದಿನಗಳಲ್ಲಿ ಹೊಳೆಯ ಆಚೆ ಮೂಡಣ ಕೆಂಪೇರುವುದನ್ನು ನೋಡುತ್ತಾ ಸೈಕಲ್ ತುಳಿದವರು ಅವರು. “ಬರೆದೋನು ಫೌಂಡ್ರಿ ನೋಡಿರ್ಬೇಕು,” ಅಂದರು.

ಬೇಂದ್ರೆ ಫೌಂಡ್ರಿ ನೋಡಿದ್ದರೋ, ಅಕ್ಕಸಾಲಿಗನ ಕುಲುಮೆಯ ಮುಂದೆ ಕೂತು ನೋಡಿದ್ದರೋ, ಕವಿತೆಗೆ ಅದು ಮುಖ್ಯವಲ್ಲ. ಆದರೆ ಅಪ್ಪನ ಓದು ಸರಿಯಾದ ಓದು. ಬೆಳಕನ್ನು ದೀಪಕ್ಕೋ ಹೊಳೆಗೋ ಹೋಲಿಸಿದವರು ನೂರು ಮಂದಿ ಇದ್ದಾರೆ. ಅಚ್ಚಿಗೆ ಹೊಯ್ದ ಲೋಹ ಎಂದಾಗ ಬೇರೆಯದೇ ಒಂದು ಅರ್ಥ ಹುಟ್ಟುತ್ತದೆ: ಈ ಬೆಳಕು ಬಂದು ಹರಿದುಹೋಗುವುದಲ್ಲ, ಬಂದು ಆಕಾರ ತಾಳುವುದು. ಎಲೆ, ಹೂವು, ಹಕ್ಕಿಯ ಕೊರಳು, ನೋಡುವವನ ಮೈ, ಎಲ್ಲವೂ ಆ ಅಚ್ಚಿನಿಂದಲೇ ಎದ್ದು ಬಂದಂತೆ ಕವಿತೆ ಮುಂದೆ ಸಾಗುತ್ತದೆ. ಕೊನೆಗೆ ಕವಿ ‘ಅಣ್ಣಾ’ ಎಂದು ಕರೆದು, ಕಂಡದ್ದು ಬೆಳಗಿಗಿಂತ ಹೆಚ್ಚಿನದೇನೋ ಎಂಬ ಅಚ್ಚರಿಯನ್ನು ಪಕ್ಕದಲ್ಲಿ ನಿಂತವನ ಜೊತೆ ಹಂಚಿಕೊಳ್ಳುತ್ತಾನೆ. ಆ ಒಂದು ಪದವನ್ನು ಬಿಟ್ಟುಬಿಟ್ಟರೆ ಇಡೀ ಹಾಡಿನ ತಳಪಾಯವೇ ಜಾರುತ್ತದೆ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪ ಎರಕದ ಅರ್ಥ ಹೇಳಿದ ಮರುದಿನದಿಂದ ಅಮ್ಮ ಆ ಸಾಲನ್ನು ಹಾಡುವ ರೀತಿ ಬದಲಾಯಿತು. ಮೊದಲು ಆ ಪದಕ್ಕೆ ಮುಂಚೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಈಗ ಹಿಂದಿನ ಪದದಿಂದ ಸಾಲಿನ ಕೊನೆಯವರೆಗೂ ಒಂದೇ ಉಸಿರಿಗೆ, ಎಲ್ಲೂ ಕಡಿಯದೆ ಹಾಡುತ್ತಿದ್ದಳು. ಹೊಯ್ಯುವಾಗ ನಿಲ್ಲಿಸಬಾರದು ಎಂಬ ಮಾತು ಅವಳ ಕೊರಳಿಗೆ ಇಳಿದಿತ್ತು. ವಿಮರ್ಶೆಯ ಪುಸ್ತಕಗಳನ್ನು ಎಷ್ಟೋ ಓದಿದ್ದೇನೆ. ಒಂದು ರೂಪಕವನ್ನು ಅರ್ಥ ಮಾಡಿಕೊಂಡದ್ದಕ್ಕೆ ಇದಕ್ಕಿಂತ ನಿಜವಾದ ಸಾಕ್ಷಿ ನಾನು ಕಂಡಿಲ್ಲ.

ಕಾಲೇಜಿಗೆ ಬಂದ ಮೇಲೆ, ಒಮ್ಮೆ ತರಗತಿಯಲ್ಲಿ ನಾನು ಸಿನಿಮಾ ಹಾಡೊಂದನ್ನು ಕವಿತೆಗೆ ಉದಾಹರಣೆಯಾಗಿ ಎತ್ತಿಕೊಂಡೆ. ನಮ್ಮ ಗುರುಗಳು ತಡೆದರು. “ಸಂಗೀತ ತೆಗೆದು ನೋಡಯ್ಯ, ಏನು ಉಳಿಯುತ್ತೆ?” ಅಂದರು. ತರಗತಿ ನಕ್ಕಿತು, ನಾನು ಕೂತೆ. ಮಾತು ನೋಯಿಸಿತು, ನೋವಿಗಿಂತ ಹೆಚ್ಚಾಗಿ ಆ ಪ್ರಶ್ನೆ ಕೊರೆಯುತ್ತಾ ಉಳಿಯಿತು. ಏಕೆಂದರೆ ಕೇಳಿದವರು ಸಾಮಾನ್ಯರಲ್ಲ. ಕುಮಾರವ್ಯಾಸನನ್ನು ಅವರು ಪಾಠ ಮಾಡಿದ ಹಾಗೆ ಬೇರೆ ಯಾರೂ ಮಾಡಿದ್ದನ್ನು ನಾನು ಕೇಳಿಲ್ಲ. ಆದರೆ ಅವರು ಪಾಠ ಮಾಡುತ್ತಿದ್ದದ್ದಾದರೂ ಹೇಗೆ? ಹಾಡಿ! ಭಾಮಿನಿ ಷಟ್ಪದಿಯನ್ನು ಮೂರು-ನಾಲ್ಕು, ಮೂರು-ನಾಲ್ಕು ಎಂದು ಮೇಜಿನ ಮೇಲೆ ಬೆರಳಲ್ಲಿ ತಟ್ಟುತ್ತಾ, ಯುದ್ಧದ ಭಾಗಕ್ಕೆ ಒಂದು ರಾಗ, ದ್ರೌಪದಿಯ ಮಾತಿಗೆ ಇನ್ನೊಂದು ರಾಗ ಹಿಡಿದು ಗಮಕದ ಧಾಟಿಯಲ್ಲಿ ಓದುತ್ತಿದ್ದರು. ನಮ್ಮೂರಿಗೆ ದೂರವೇನಲ್ಲದ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕವನ್ನು ಉಸಿರಿನಂತೆ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಕುಮಾರವ್ಯಾಸನ ಪದ್ಯದಿಂದ ರಾಗವನ್ನು ಕಳಚಿಟ್ಟು ಏನು ಉಳಿಯುತ್ತದೆ ಎಂದು ಅಲ್ಲಿ ಯಾರೂ ಪರೀಕ್ಷೆಗೆ ಇಳಿಯುವುದಿಲ್ಲ. ಅಲ್ಲಿ ರಾಗವೇ ಅರ್ಥ ಹೇಳುವ ಒಂದು ದಾರಿ.

ನಮ್ಮ ಛಂದಸ್ಸಿನ ಮಾತೂ ಇದನ್ನೇ ಹೇಳುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆ ಎಂದರೆ ಕಾಲ. ಕನ್ನಡದ ಮಾತ್ರಾಛಂದಸ್ಸು ಪದ್ಯವನ್ನು ಅಳೆಯುವುದು ಹೇಳಲು ಎಷ್ಟು ಹೊತ್ತು ಬೇಕು ಎಂಬುದರಿಂದ. ಕಾಗದದ ಮೇಲೆ ಕಾಣುವ ಸಾಲು ಆ ಹೊತ್ತಿನ ಗುರುತು ಮಾತ್ರ. ಹಾಡುಗಾರರ ಬಾಯಲ್ಲಿ ಹಾಡಿನ ಮಾತಿಗೆ ‘ಸಾಹಿತ್ಯ’ ಎಂದೇ ಹೆಸರು. ಕೀರ್ತನೆ ಕಲಿಸುವ ಮೇಷ್ಟ್ರು ಮೊದಲು ಸ್ವರ ಹೇಳಿಸಿ ಆಮೇಲೆ ಸಾಹಿತ್ಯ ಹೇಳಿಸುತ್ತಾರೆ. ಸಿನಿಮಾದ ಟೈಟಲ್ ಕಾರ್ಡಿನಲ್ಲೂ ಅದೇ ಪದ: ಸಾಹಿತ್ಯ, ಚಿ. ಉದಯಶಂಕರ್. ವಿಶ್ವವಿದ್ಯಾಲಯದ ವಿಭಾಗದ ಬಾಗಿಲ ಮೇಲೂ ಅದೇ ಪದ. ಭಾಷೆ ಒಂದೇ ಪದದಲ್ಲಿ ಜೊತೆಗಿಟ್ಟದ್ದನ್ನು ನಾವು ಎರಡು ಕೋಣೆಗಳಿಗೆ ಹಂಚಿದೆವು. ಬೇಂದ್ರೆಯವರಿಗೆ ಜ್ಞಾನಪೀಠ ತಂದ ಸಂಕಲನದ ಹೆಸರು ‘ನಾಕುತಂತಿ’ ಎಂಬುದನ್ನೂ ಇಲ್ಲಿ ನೆನೆಯಬೇಕು.

ಗುರುಗಳ ಪ್ರಶ್ನೆಗೆ ಕವಿಗಳ ಹೆಸರು ಹೇಳಿ ಉತ್ತರಿಸುವುದು ಸುಲಭ. ಕುವೆಂಪು ಅವರ ದೋಣಿಯ ಹಾಡು 1965ರ ‘ಮಿಸ್ ಲೀಲಾವತಿ’ಯಲ್ಲಿ ಬಂತು. ಪುಟ್ಟಣ್ಣ ಕಣಗಾಲರು ಸಂಗೀತ ನಿರ್ದೇಶಕ ವಿಜಯಭಾಸ್ಕರರ ಜೊತೆ ‘ಬೆಳ್ಳಿಮೋಡ’ದಲ್ಲೂ 1971ರ ‘ಶರಪಂಜರ’ದಲ್ಲೂ ಬೇಂದ್ರೆಯವರನ್ನು ತಂದರು. ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ಯನ್ನು ಹಾಡಿ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಅಚ್ಚಾಯಿತು. ಸುಮಾರು ಐವತ್ತು ವರ್ಷಗಳ ಮೇಲೆ ನಾಗಾಭರಣರು ಅದೇ ಹೆಸರಿನ ಸಿನಿಮಾ ಮಾಡಿ ಆ ಕವಿತೆಗಳನ್ನು ಸಿ. ಅಶ್ವತ್ಥ್ ರಾಗದಲ್ಲಿ ತಂದಾಗ, ಅತ್ಯುತ್ತಮ ಚಿತ್ರಸಾಹಿತ್ಯದ ರಾಷ್ಟ್ರಪ್ರಶಸ್ತಿ ಕವಿಗೆ ಬಂತು. ಆದರೆ ಇವೆಲ್ಲ ಪುಸ್ತಕದಿಂದ ಹಾಡಿಗೆ ಹೋದವು. ಗುರುಗಳು ಇವನ್ನು ಒಪ್ಪಿಯೇ ಒಪ್ಪುತ್ತಿದ್ದರು. ಟ್ಯೂನ್ ಕೇಳಿಸಿಕೊಂಡು, ಸನ್ನಿವೇಶ ಕೇಳಿಸಿಕೊಂಡು, ಹಾರ್ಮೋನಿಯಂ ಪಕ್ಕ ಕೂತು ಬರೆದವರ ಪರವಾಗಿ ಮಾತಾಡುವುದು ನನಗೆ ಬೇಕಾಗಿತ್ತು.

ಅದಕ್ಕೆ ನಾನು ಆರಿಸಿಕೊಳ್ಳುವುದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡು. ಚಿ. ಉದಯಶಂಕರ್ ಸಾಹಿತ್ಯ, ಜಿ.ಕೆ. ವೆಂಕಟೇಶ್ ಸಂಗೀತ, ರಾಜಕುಮಾರ್ ತಾವೇ ಹಾಡಿದ್ದು. ನಾಯಕ ಎಮ್ಮೆಯನ್ನು ಮಾತಾಡಿಸುತ್ತಾ, ಲೋಕ ಏನೇ ಗದ್ದಲ ಮಾಡಿದರೂ ನಿನ್ನ ನೆಮ್ಮದಿ ಕೆಡುವುದಿಲ್ಲವಲ್ಲ ಎನ್ನುತ್ತಾನೆ. ನಮ್ಮ ಕಡೆ ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಅದು ಬರದ ದಿನವಿಲ್ಲ. ಕೇಳುವವರು ನಕ್ಕು ಕುಣಿಯುತ್ತಾರೆ, ಅದು ಸರಿಯೇ. ಆದರೆ ಅದರ ವ್ಯಾಕರಣ ನೋಡಿ. ಪಲ್ಲವಿ ನಿಂತಿರುವುದು ‘ಲಿ’ ಪ್ರತ್ಯಯದ ಮೇಲೆ. ಕನ್ನಡದಲ್ಲಿ ಈ ‘ಲಿ’ ಒಂದು ವಿಚಿತ್ರ ಶಕ್ತಿ. ಚೆನ್ನಾಗಿರಲಿ ಎಂದರೆ ಹರಕೆ, ಹಾಳಾಗಿ ಹೋಗಲಿ ಎಂದರೆ ಶಾಪ, ಏನಾದರೂ ಆಗಲಿ ಎಂದರೆ ನಿಶ್ಚಿಂತೆ. ಹರಸುವ ಬಾಯಿ, ಶಪಿಸುವ ಬಾಯಿ, ಕೈಬಿಟ್ಟು ಹಗುರಾಗುವ ಬಾಯಿ, ಮೂರಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಕುವೆಂಪು ಅವರ ದೋಣಿಯ ಹಾಡಿನಲ್ಲೂ ಅದೇ ‘ಲಿ’ ಇದೆ. ಅಲ್ಲಿ ಅದು ಹಾರೈಕೆ, ಮುಂದಕ್ಕೆ ನೂಕುವ ಹುಟ್ಟು. ಉದಯಶಂಕರರ ಎಮ್ಮೆ ಹಾಡಿನಲ್ಲಿ ಅದೇ ‘ಲಿ’ ಜಗತ್ತನ್ನು ಅದರ ಪಾಡಿಗೆ ಬಿಡುವ ಕೈ. ಇಬ್ಬರೂ ಭಾಷೆಯ ಒಂದೇ ಎಳೆಯನ್ನು ಹಿಡಿದು ಎರಡು ಕಡೆಗೆ ನೇಯ್ದಿದ್ದಾರೆ. ಸುತ್ತಲಿನ ಗದ್ದಲ ಮೈಗೆ ತಾಗದ ಸ್ಥಿತಿಯನ್ನು ತತ್ತ್ವಪದಕಾರರು ಹಾಡಿದರೆ ಅನುಭಾವ ಎನ್ನುತ್ತೇವೆ. ಎಮ್ಮೆಯ ಮುಂದೆ ಹಾಡಿದ್ದರಿಂದ ಅದರ ತೂಕ ಕಡಿಮೆಯಾಗಬೇಕಾಗಿಲ್ಲ. ಶಿಶುನಾಳ ಶರೀಫರು ತಮ್ಮ ಪದಗಳಲ್ಲಿ ಕೋಳಿ, ಸೋರುವ ಮನೆ ಎಲ್ಲವನ್ನೂ ತಂದು ಅದೇ ಕೆಲಸಕ್ಕೆ ಹಚ್ಚಿದವರು.

ಟ್ಯೂನಿಗೆ ಬರೆಯುವುದು ಕೈಕಟ್ಟಿ ಬರೆಸಿದಂತೆ ಎನ್ನುವವರಿದ್ದಾರೆ. ಆ ಮಾತು ಎಷ್ಟು ನಿಜ ಎಂದು ತಿಳಿಯಲು ನಾನು ತರಗತಿಯಲ್ಲಿ ಪ್ರತಿವರ್ಷ ಒಂದು ಕೆಲಸ ಕೊಡುತ್ತೇನೆ. ಬೋರ್ಡಿನ ಮೇಲೆ ‘ತನನ ತಾನ ತನನ ತಾನ’ ಎಂದು ಬರೆದು, ಸುಮ್ಮನೆ ಒಂದು ಧಾಟಿಯಲ್ಲಿ ಹಾಡಿ, ಇದಕ್ಕೆ ಮಾತು ಕೂರಿಸಿ ಎನ್ನುತ್ತೇನೆ. ಮೂರು ಮೂರು ಮಾತ್ರೆಯ ನಾಲ್ಕು ಗಣ. ಒಂದು ವರ್ಷ ಹುಡುಗಿಯೊಬ್ಬಳು ‘ಮಳೆಯ ನೀರು ಹೊಲದ ದಾರಿ’ ಎಂದು ಬರೆದಳು. ಅವಳ ಹಿಂದಿನ ಬೆಂಚಿನ ಹುಡುಗ ‘ಮರದ ಹಕ್ಕಿ ಬೆಳೆದ ರೆಕ್ಕೆ’ ಎಂದು ಬರೆದ. ಪ್ರಸ್ತಾರ ಹಾಕಿದರೆ ಎರಡೂ ಒಂದೇ: ‘ನೀ’ ದೀರ್ಘ, ಗುರು, ‘ಹ’ದ ಮುಂದೆ ಒತ್ತಕ್ಷರ, ಅದೂ ಗುರು. ಶಾಸ್ತ್ರಕ್ಕೆ ಇಬ್ಬರೂ ಪಾಸು. ಈಗ ಹಾಡಿ ನೋಡಿ ಎಂದೆ.

ಹುಡುಗಿಯ ಸಾಲಿನಲ್ಲಿ ‘ನೀ’ ಬಂದಾಗ ಸ್ವರ ನಿಲ್ಲಲು ಜಾಗ ಸಿಕ್ಕಿತು. ಬೇಕಾದಷ್ಟು ಹೊತ್ತು ಎಳೆಯಬಹುದು, ಗಮಕ ಕೊಡಬಹುದು, ನೀರು ಹರಿದ ಹಾಗೆಯೇ ಕೇಳುತ್ತದೆ. ಹುಡುಗನ ಸಾಲಿನಲ್ಲಿ ‘ಹಕ್’ ಎಂದ ಕೂಡಲೇ ಗಂಟಲು ಮುಚ್ಚಿಕೊಂಡಿತು. ಸ್ವರವನ್ನು ಎಳೆಯಹೋದರೆ ಹಕ್ಕಿ ‘ಹಾಕ್ಕಿ’ಯಾಗುತ್ತದೆ. ಹುಡುಗನ ಮುಖ ಸಣ್ಣದಾಯಿತು. ಅದೇ ಧಾಟಿಯನ್ನು ಎರಡು ಪಟ್ಟು ವೇಗದಲ್ಲಿ, ಬೆಂಚು ತಟ್ಟುತ್ತಾ ಹಾಡಿಸಿದೆ. ಈಗ ಹುಡುಗಿಯ ನೀರು ನೆಲ ಕಂಡಿತು, ಹುಡುಗನ ಹಕ್ಕಿ ಹಾರಿತು. ‘ಕ್ಕಿ’, ‘ಕ್ಕೆ’ ಎನ್ನುವ ಒತ್ತುಗಳೇ ರೆಕ್ಕೆಯ ಬಡಿತವಾದವು. ಕಾಗದದ ಮೇಲೆ ಒಂದೇ ಎಂದು ಲೆಕ್ಕಕ್ಕೆ ಬಂದ ಎರಡು ಗುರುಗಳಲ್ಲಿ ಒಂದು ತೆರೆದ ಬಾಗಿಲು, ಇನ್ನೊಂದು ತಟ್ಟಿದ ಬಾಗಿಲು ಎಂಬುದು ಹಾಡುವ ಬಾಯಿಗೆ ಮಾತ್ರ ತಿಳಿಯಿತು.

ಒಳ್ಳೆಯ ಗೀತರಚನಕಾರರು ಇದನ್ನು ಹೊತ್ತು ಹೊತ್ತಿಗೆ ತೂಗುತ್ತಾರೆ. ಕು.ರಾ. ಸೀತಾರಾಮಶಾಸ್ತ್ರಿ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಇವರ ಹಾಡುಗಳಲ್ಲಿ ಸ್ವರ ನಿಲ್ಲುವ ಕಡೆ ಯಾವ ಅಕ್ಷರ ಇದೆ ಎಂದು ಹುಡುಕುತ್ತಾ ಹೋದರೆ ಒಂದು ರಾತ್ರಿ ಸಾಲದು. ಅಲ್ಲಿ ಆ, ಈ, ಓ ಸಿಕ್ಕುತ್ತದೆ. ಜೊತೆಗೆ ಆ ದೀರ್ಘ ಬಿದ್ದಿರುವುದು ಭಾವ ತಂಗಬೇಕಾದ ಪದದ ಮೇಲೆಯೇ ಆಗಿದ್ದರೆ, ಆ ಹಾಡು ಕವಿತೆಯೂ ಆಗಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸ್ವರ ಒಂದು ಪದದ ಮೇಲೆ, ಭಾವ ಇನ್ನೊಂದರ ಮೇಲೆ ನಿಂತರೆ ಎಷ್ಟು ಚಂದದ ಉಪಮೆ ಇದ್ದರೂ ಹಾಡು ಕುಂಟುತ್ತದೆ.

ಇನ್ನು ಪ್ರಾಸದ ಮಾತು. ಇಲ್ಲಿ ನಾನು ಕಟುವಾಗಿಯೇ ಹೇಳಬೇಕು. ಹೊಸಗನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಕೊನೆಯಾಗುತ್ತವೆ, ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ‘ಇದೆ’ಗೆ ‘ಇದೆ’, ‘ಇತ್ತು’ವಿಗೆ ‘ಇತ್ತು’, ‘ಅಲ್ಲಿ’ಗೆ ‘ಇಲ್ಲಿ’ ಎಂದು ಅಂತ್ಯಪ್ರಾಸ ಕೈಗೆ ಕೈಗೆ ಸಿಗುತ್ತದೆ. ಹೀಗೆ ಸುಲಭಕ್ಕೆ ಸಿಕ್ಕ ಪ್ರಾಸದಿಂದ ಎಷ್ಟೋ ಹಾಡುಗಳು ಹುಟ್ಟಿದ ವಾರವೇ ಬಾಡಿವೆ. ಹಳೆಯ ನಮ್ಮ ಪ್ರಾಸ ಇದ್ದದ್ದು ಸಾಲಿನ ಎರಡನೆಯ ಅಕ್ಷರದಲ್ಲಿ. ಕೊನೆಗೆ ಕಾಯುವ ಬದಲು ಹೊರಡುವಾಗಲೇ ಕಿವಿಯನ್ನು ಹಿಡಿಯುವ ಪ್ರಾಸ ಅದು. ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟು ಬರೆಯಲು ತೊಡಗಿದ್ದು ಕಾವ್ಯಕ್ಕೆ ದೊಡ್ಡ ಬಿಡುಗಡೆಯೇ ಆಯಿತು. ಆದರೆ ದಾಸರ ಪದಗಳ ನೆನಪು, ನಾಟಕ ಕಂಪನಿಗಳ ರಂಗಗೀತೆಗಳ ನೆನಪು ಹೊತ್ತು ಬಂದ ಹುಣಸೂರು ಕೃಷ್ಣಮೂರ್ತಿಯಂಥವರ ಮೂಲಕ ಆ ಆದಿಪ್ರಾಸ ಸಿನಿಮಾ ಹಾಡುಗಳಲ್ಲಿ ಬಹಳ ಕಾಲ ಉಸಿರಾಡಿತು. ಪುಸ್ತಕ ಬಿಟ್ಟದ್ದನ್ನು ಹಾಡು ಕಾಪಾಡಿಕೊಂಡ ಉದಾಹರಣೆ ಇದು.

ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಹಾಡಿನಲ್ಲಿ ಹೇಳಲು ಜಾಗ ಕಡಿಮೆ ಎಂದು ಇನ್ನೊಂದು ದೂರು ಇದೆ. ಗ್ರಾಮಫೋನಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲು ಮೂರು, ಮೂರೂವರೆ ನಿಮಿಷ ಮಾತ್ರ ಓಡುತ್ತಿತ್ತು. ಒಂದು ಪಲ್ಲವಿ, ಎರಡೋ ಮೂರೋ ಚರಣ ಎಂಬ ಆಕಾರಕ್ಕೆ ಅದೂ ಒಂದು ಕಾರಣ. ಆದರೆ ಮರಳಿ ಬಂದ ಪಲ್ಲವಿ ಹೋದ ಪಲ್ಲವಿಯೇ ಅಲ್ಲ. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ಯನ್ನು ನೋಡಿ. ನವ್ಯ ಕಾವ್ಯದ ಹಿರಿಯರೆಂದು ನಾವು ಓದುವ ಅಡಿಗರ ಕವಿತೆಯೇ ಮನೆ ಮನೆಯ ಭಾವಗೀತೆಯಾಯಿತು. ಕಾಣದ ಯಾವುದೋ ಕೊಳಲು ಕರೆದು, ಇದ್ದ ನೆಲೆಯಿಂದ ಮನಸ್ಸನ್ನು ಎಬ್ಬಿಸಿಕೊಂಡು ಹೋಗುವ ಪ್ರಶ್ನೆ ಅದರದ್ದು. ನಾಗತಿಹಳ್ಳಿ ಚಂದ್ರಶೇಖರರು ಅದನ್ನು ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ತಂದರು, ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ರಾಗ ಹಾಕಿದರು. ಮೊದಲ ಸಲ ಆ ಪ್ರಶ್ನೆ ಕೇಳಿದಾಗ ಅದು ಕೃಷ್ಣನ ಕೊಳಲಿನದೆನಿಸುತ್ತದೆ. ಚರಣ ಮುಗಿದು ಮತ್ತೆ ಬಂದಾಗ ಆ ಕರೆ ಕಡಲಾಚೆಯ ಊರಿನದಾಗಿರುತ್ತದೆ. ಕೊನೆಯ ಸಲ, ಊರು ಬಿಟ್ಟು ಹೋದ ಮಗನನ್ನು ನೆನೆದು ಕೂತ ಮನೆಯವರ ಬಾಯಲ್ಲಿ ಅದೇ ಪ್ರಶ್ನೆ ಬೇರೊಂದು ದನಿ ಪಡೆದಿರುತ್ತದೆ. ನನ್ನ ತಮ್ಮ ಹೊರದೇಶಕ್ಕೆ ಹೋದ ವರ್ಷ ನಮ್ಮ ಮನೆಯಲ್ಲಿ ಆ ಹಾಡನ್ನು ಪೂರ್ತಿ ಕೇಳಲು ಆಗುತ್ತಿರಲಿಲ್ಲ. ಪುಟದ ಮೇಲಾದರೆ ಕಣ್ಣು ಓದಿದ ಸಾಲನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಹಾಡು ನಮ್ಮನ್ನು ಕೈಹಿಡಿದು ಅದೇ ಹೊಸ್ತಿಲಿಗೆ ವಾಪಸು ತಂದು ನಿಲ್ಲಿಸುತ್ತದೆ.

ರಾಗ ಕವಿತೆಗೆ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಅಶ್ವತ್ಥರವರೆಗೆ ನಮ್ಮ ಸುಗಮ ಸಂಗೀತ ಕವಿತೆಯನ್ನು ಜನರ ನಾಲಗೆಗೆ ತಂದಿತು. ಆದರೆ ಅವರ ಹಾದಿ ಹಿಡಿದ ಎಷ್ಟೋ ಗಾಯಕರು ಕವಿ ಮೆಲ್ಲಗೆ ಹೇಳಿದ್ದನ್ನು ಕೂಗಿ ಹೇಳುತ್ತಾರೆ. ನರಸಿಂಹಸ್ವಾಮಿಯವರ ದಾಂಪತ್ಯದ ಕವಿತೆಗಳಲ್ಲಿ ಮಾತು ಅಡುಗೆಮನೆಯ ಬಾಗಿಲಲ್ಲಿ ನಿಂತು ಆಡಿದಷ್ಟು ಸಣ್ಣದಾಗಿರುತ್ತದೆ. ಅದರ ಹಿಂದೆ ಇಪ್ಪತ್ತು ಪಿಟೀಲು ಎದ್ದು ನಿಂತರೆ ಆ ಹೆಂಗಸು ಗಾಬರಿಯಾಗಿ ಒಳಗೆ ಹೋಗುತ್ತಾಳೆ. ಕಾಲದ ಅಳತೆ ಅರ್ಥವನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ನಮ್ಮ ನಾಡಗೀತೆಯೇ ಇದೆ. ಕುವೆಂಪು ಅವರ ಆ ಗೀತೆಯನ್ನು 2004ರಲ್ಲಿ ನಾಡಗೀತೆಯಾಗಿ ಘೋಷಿಸಿದರು. ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಆದೇಶಿಸಿತು. ಬಿಸಿಲಲ್ಲಿ ನಿಂತ ಮಕ್ಕಳನ್ನು ನೆನೆದರೆ ಆ ಅಳತೆ ಬೇಕು. ಆದರೂ ಅದರಲ್ಲಿ ಬರುವ ಋಷಿಗಳ, ಆಚಾರ್ಯರ, ಕವಿಗಳ ಹೆಸರುಗಳು ಒಂದಕ್ಕೊಂದು ತಾಗುತ್ತಾ ಓಡುವಾಗ, ಪ್ರತಿ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲಲು ನನ್ನ ಮನಸ್ಸು ಹಾತೊರೆಯುತ್ತದೆ. ಅದಕ್ಕಾಗಿ ನಾನು ಆ ಪದ್ಯವನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ರಾಗವಿಲ್ಲದೆ, ನಿಧಾನವಾಗಿ ಓದಿಸುತ್ತೇನೆ. ಕೆಲವು ಹಾಡುಗಳನ್ನು ಹೀಗೆ ಓದಲೂ ಬೇಕು.

ಈಗಿನ ಮಕ್ಕಳ ಬಾಯಲ್ಲಿ ಜಯಂತ ಕಾಯ್ಕಿಣಿಯವರ ಹಾಡುಗಳಿವೆ. ‘ರಂಗದಿಂದೊಂದಿಷ್ಟು ದೂರ’ ಸಂಕಲನದ ಕವಿ 2006ರ ‘ಮುಂಗಾರು ಮಳೆ’ಯಲ್ಲಿ ಅದೇ ಮನೋಮೂರ್ತಿಯವರ ಟ್ಯೂನಿಗೆ ಬರೆದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಬಿಸಿ ಚರ್ಚೆ ನಡೆದಿತ್ತು. ನಾನು ಅವತ್ತೂ ಇವತ್ತೂ ಒಂದೇ ಪಕ್ಷ: ಕವಿಯ ಕಿವಿ ಇದ್ದವನು ಟ್ಯೂನಿನ ಖಾಲಿ ಜಾಗವನ್ನು ತನ್ನದೇ ಕವಿತೆಯ ಖಾಲಿ ಸಾಲಿನಂತೆ ಕೇಳಿಸಿಕೊಳ್ಳುತ್ತಾನೆ. ಆದರೆ ಇಂದಿನ ಮಕ್ಕಳಿಗೆ ಹಾಡಿನ ಸಾಹಿತ್ಯ ಫೋನಿನಲ್ಲಿ ಪೂರ್ತಿಯಾಗಿ, ಒಂದು ಅಕ್ಷರ ಬಿಡದಂತೆ ಸಿಗುತ್ತದೆ. ಯಾವ ಪದಕ್ಕೂ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಅವರಿಗೆ ನಾನು ಒಂದೇ ಒಂದು ಕೆಲಸ ಹೇಳುತ್ತೇನೆ. ಇಷ್ಟದ ಹಾಡೊಂದನ್ನು ಫೋನ್ ಮಗುಚಿಟ್ಟು ಕಿವಿಯಿಂದಲೇ ಕೇಳಿ ಕೈಯಲ್ಲಿ ಬರೆಯಿರಿ. ಹಾಡುವವರು ಉಸಿರು ತೆಗೆದ ಕಡೆ ಸಾಲು ಮುರಿಯಿರಿ. ಬರೆದು ತಂದವರ ಹಾಳೆಗಳಲ್ಲಿ ಚುಕ್ಕೆಗಳು ಕಂಡಾಗ ನನಗೆ ಸಂತೋಷವಾಗುತ್ತದೆ.

ಅಮ್ಮನಿಗೆ ಈಗ ಎಂಬತ್ತೆರಡು. ಕಳೆದ ಆಷಾಢದಲ್ಲಿ ಮಳೆ ಹಿಡಿದು ಕರೆಂಟು ಹೋಗಿದ್ದ ಒಂದು ಸಂಜೆ ಆ ನೋಟ್‌ಬುಕ್ಕನ್ನು ಅವಳ ತೊಡೆಯ ಮೇಲಿಟ್ಟು ಕೂತಿದ್ದೆ. ನಡುವಿನ ಒಂದು ಪುಟದಲ್ಲಿ ಚಿತ್ರದ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಏಳು ಸಾಲು, ಐದನೆಯ ಸಾಲಿನಲ್ಲಿ ಐದು ಚುಕ್ಕೆ. ಕೆಳಗಿನ ಅರ್ಧ ಪುಟ ಹಾಗೆಯೇ ಖಾಲಿ ಉಳಿದಿದೆ. ಸಿನಿಮಾ ಟೆಂಟಿನ ಮುಂದೆ ಮಾರುತ್ತಿದ್ದ ಹಳೆಯ ಹಾಡಿನ ಪುಸ್ತಕಗಳನ್ನು ಎಲ್ಲಿ ಕಂಡರೂ ತಿರುವಿ ನೋಡಿದ್ದೇನೆ, ಆ ಹಾಡು ಸಿಕ್ಕಿಲ್ಲ.

“ಅಮ್ಮಾ, ಇದು ಯಾವುದು, ನೆನಪಿದೆಯಾ?”

ಅವಳು ಕನ್ನಡಕ ಸರಿಮಾಡಿಕೊಂಡು, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿದಳು. ಮೊದಲು ತುಟಿಯಷ್ಟೇ ಆಡಿತು. ಎರಡನೆಯ ಸಲಕ್ಕೆ ದನಿ ಬಂತು. ಯಾವ ಚಿತ್ರವೋ ಗೊತ್ತಿಲ್ಲ ಕಣೋ ಎಂದು ತಲೆಯಾಡಿಸುತ್ತಲೇ ಪಲ್ಲವಿ ಹಾಡಿದಳು, ಚರಣಕ್ಕೆ ಬಂದಳು. ಐದನೆಯ ಸಾಲಿನ ಚುಕ್ಕೆಗಳ ಹತ್ತಿರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಉಸಿರು ಕಡಿಯದೆ, ಬೆರಳನ್ನು ಒಂದೊಂದೇ ಚುಕ್ಕೆಯ ಮೇಲೆ ಇಡುತ್ತಾ, ‘ತನ ನಾ ನನ’ ಎಂದು ದಾಟಿ ಮುಂದಿನ ಪದಕ್ಕೆ ಹೋದಳು.

ನಾನು ಪೆನ್ಸಿಲ್ ತೆಗೆದುಕೊಂಡು ಮೂರನೆಯ ಚುಕ್ಕೆಯ ಮೇಲೆ ಗುರುವಿನ ಗೆರೆ ಎಳೆದೆ.